ಮಡಿಲಕ್ಕಿ ಅಲ್ಲೇ ಇರಲಿ, ಗ್ರೈಂಡರ್ ಬರಲಿ: ಮೆಲ್ಬರ್ನಿಗೆ ಹಡಗಿನಲ್ಲಿ ಮನೆ ಸಾಮಾನು ಕಳಿಸುವವರಿಗೆ

ಆಸ್ಟ್ರೇಲಿಯಾ ವೀಸಾ ಬಂತು, ಟಿಕೆಟ್ ಬುಕ್ ಆಯ್ತು ಅಂದ ಮೇಲೆ ಮನೆಯಲ್ಲಿ ಶುರುವಾಗುವ ಮೊದಲ ಜಗಳ ಸಾಮಾನಿನದು. ಒಬ್ಬರು ‘ಎಲ್ಲಾ ಮಾರಿಬಿಡೋಣ’ ಅಂತಾರೆ. ಇನ್ನೊಬ್ಬರು ‘ಅಪ್ಪ ಮಾಡಿಸಿಕೊಟ್ಟ ಮಂಚ, ಹೇಗೆ ಮಾರೋದು’ ಅಂತಾರೆ. ಅಷ್ಟರಲ್ಲಿ ಯಾರೋ ಪರಿಚಯದವರು ‘ಕಂಟೇನರ್‌ನಲ್ಲಿ ಹಾಕಿಬಿಡಿ, ಅಗ್ಗ’ ಅಂತ ಹೇಳಿ ಹೋಗಿರುತ್ತಾರೆ.

ಅಗ್ಗ ಆಗಬಹುದು, ಆಗದೆಯೂ ಇರಬಹುದು. ಬೆಂಗಳೂರಿನಲ್ಲಿ ನಿಮಗೆ ಹೇಳುವ ರೇಟು ಅರ್ಧ ಲೆಕ್ಕ ಮಾತ್ರ. ಉಳಿದರ್ಧ ಇಲ್ಲಿ, ಮೆಲ್ಬರ್ನ್ ಬಂದರಿನಲ್ಲಿ ತೀರ್ಮಾನವಾಗುತ್ತದೆ. ಅದು ಎಷ್ಟಾಗುತ್ತದೆ ಅನ್ನೋದು ನೀವು ಪೆಟ್ಟಿಗೆಯೊಳಗೆ ಏನು ತುಂಬುತ್ತೀರಿ ಅನ್ನೋದರ ಮೇಲಿದೆ.

ಮೊದಲು ಜಾಗದ ಲೆಕ್ಕ. ಹಡಗಿನಲ್ಲಿ ತೂಕಕ್ಕಿಂತ ಜಾಗಕ್ಕೇ ದುಡ್ಡು ಜಾಸ್ತಿ. ಎಲ್ಲರೂ ‘ಸಿಬಿಎಂ’ ಅಂತ ಮಾತಾಡುತ್ತಾರೆ, ಅಂದರೆ ಘನ ಮೀಟರ್. ಇಪ್ಪತ್ತು ಅಡಿ ಕಂಟೇನರ್ ಒಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ. ಮನೆ ಸಾಮಾನು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲವಾದ್ದರಿಂದ 25ರಿಂದ 28ರಷ್ಟು ಹಿಡಿದರೆ ಹೆಚ್ಚು. ಎರಡು ಬೆಡ್‌ರೂಮಿನ ಮನೆ ಅದರಲ್ಲಿ ಹಿಡಿಯುತ್ತದೆ. ಅಷ್ಟು ಸಾಮಾನು ಇಲ್ಲದಿದ್ದರೆ ಬೇರೆಯವರ ಜೊತೆ ಕಂಟೇನರ್ ಹಂಚಿಕೊಳ್ಳಬಹುದು. ಅದಕ್ಕೆ ‘ಎಲ್‌ಸಿಎಲ್’ ಅಂತಾರೆ. 60, 45, 45 ಸೆಂಟಿಮೀಟರಿನ ರಟ್ಟಿನ ಪೆಟ್ಟಿಗೆ ಎಂಟು ಸೇರಿದರೆ ಸುಮಾರು ಒಂದು ಘನ ಮೀಟರ್. ಒಂದು ಕಬ್ಬಿಣದ ಬೀರು, ಪ್ಯಾಕಿಂಗ್ ಸೇರಿ, ಒಂಟಿಯಾಗಿ ಅಷ್ಟೇ ಜಾಗ ತಿನ್ನುತ್ತದೆ. ಆ ಬೀರುವಿನ ಜಾಗದಲ್ಲಿ ಎಂಟು ಪೆಟ್ಟಿಗೆ ಪಾತ್ರೆ, ಪುಸ್ತಕ, ಸೀರೆ ಬರುತ್ತಿತ್ತಲ್ಲ ಅಂತ ಯೋಚಿಸಿ ನೋಡಿ.

ಬೀರು ತರಲೇಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಇಲ್ಲಿನ ಹೆಚ್ಚಿನ ಬಾಡಿಗೆ ಮನೆಗಳ ಮಲಗುವ ಕೋಣೆಯಲ್ಲಿ ಗೋಡೆಯೊಳಗೇ ಕಪಾಟು ಇರುತ್ತದೆ. ಮಂಚ, ಸೋಫಾ, ಡೈನಿಂಗ್ ಟೇಬಲ್ ಕೂಡ ಬೇಡ. ಐಕಿಯಾ ಇದೆ, ಕೆಮಾರ್ಟ್ ಇದೆ, ಸಾಲ್ವೋಸ್, ವಿನ್ನೀಸ್ ಥರದ ಹಳೇ ಸಾಮಾನಿನ ಅಂಗಡಿಗಳಿವೆ. ಗಮ್‌ಟ್ರೀ ಅನ್ನುವ ಹಳೇ ಸಾಮಾನಿನ ವೆಬ್‌ಸೈಟಿನಲ್ಲಿ ಮನೆ ಖಾಲಿ ಮಾಡುವವರು ಒಳ್ಳೆ ಮೇಜನ್ನು ‘ತಗೊಂಡು ಹೋದರೆ ಸಾಕು’ ಅಂತ ಬಿಟ್ಟಿಗೆ ಕೊಡುವುದುಂಟು. ಅಪ್ಪ ಮಾಡಿಸಿಕೊಟ್ಟ ತೇಗದ ಮಂಚದ ಮಾತು ಬೇರೆ. ಅದನ್ನು ತರಬೇಕು ಅನ್ನಿಸಿದರೆ ತನ್ನಿ, ಆದರೆ ದುಡ್ಡು ಉಳಿಯುತ್ತದೆ ಅಂತ ತರಬೇಡಿ.

ಹಾಗಾದರೆ ಏನು ತರಬೇಕು? ಇಲ್ಲಿ ಸಿಗದ್ದು, ಸಿಕ್ಕರೂ ಮೂರು ಪಟ್ಟು ಬೆಲೆಯದ್ದು. ವೆಟ್ ಗ್ರೈಂಡರ್, ಮಿಕ್ಸಿ, ಕುಕ್ಕರ್, ಇಡ್ಲಿ ಪಾತ್ರೆ, ಕಾವಲಿ, ಹಿತ್ತಾಳೆ ದೀಪ, ಕನ್ನಡ ಪುಸ್ತಕ, ಒಳ್ಳೆ ಸೀರೆ, ಮಕ್ಕಳ ತಬಲಾ, ಕೀಬೋರ್ಡ್. ಇಲ್ಲಿನ ಕರೆಂಟ್ ನಮ್ಮ ಥರವೇ 230 ವೋಲ್ಟ್, 50 ಹರ್ಟ್ಸ್. ಅಮೆರಿಕಕ್ಕೆ ಹೋಗುವವರ ತಲೆನೋವು ನಮಗಿಲ್ಲ. ಪ್ಲಗ್ ಮಾತ್ರ ಬೇರೆ. ಊರಿನ ಗ್ಯಾಸ್ ಒಲೆ ಬಿಟ್ಟುಬನ್ನಿ, ಇಲ್ಲಿ ಪ್ರಮಾಣಪತ್ರವಿಲ್ಲದ ಗ್ಯಾಸ್ ಉಪಕರಣ ಜೋಡಿಸಿ ಕೊಡುವವರು ಸಿಗುವುದಿಲ್ಲ. ಗ್ಯಾಸ್ ಸಿಲಿಂಡರ್, ಪಟಾಕಿ, ಪವರ್ ಬ್ಯಾಂಕ್, ಪೇಂಟ್ ಯಾವುದೂ ಪೆಟ್ಟಿಗೆಯಲ್ಲಿ ಬೇಡ.

ಟ್ಯಾಕ್ಸಿನ ವಿಷಯ ಸರಳ. ನೀವು ಹೊರಡುವ ಮುಂಚೆ ಹನ್ನೆರಡು ತಿಂಗಳಾದರೂ ನಿಮ್ಮದಾಗಿದ್ದು, ನೀವು ಬಳಸಿದ್ದ ಸಾಮಾನಿಗೆ ಇಲ್ಲಿ ಸುಂಕವಿಲ್ಲ, ಜಿಎಸ್‌ಟಿಯೂ ಇಲ್ಲ. ‘ಹೋಗೋ ಮುಂಚೆ ಹೊಸ ಟಿವಿ ತಗೊಂಡುಬಿಡೋಣ’ ಅನ್ನುವವರಿಗೆ ಆ ವಿನಾಯಿತಿ ಸಿಗುವುದಿಲ್ಲ. ಇಲ್ಲಿನ ಜಿಎಸ್‌ಟಿ ಶೇ. 10. ಬಿಲ್ಲುಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡಿರಿ.

ಇನ್ನು ನಿಜವಾದ ಪರೀಕ್ಷೆಗೆ ಬರೋಣ. ಆಸ್ಟ್ರೇಲಿಯಾಕ್ಕೆ ಕಳ್ಳಸಾಗಣೆಗಿಂತ ಹುಳದ ಭಯ ಜಾಸ್ತಿಯೇನೋ ಅನ್ನಿಸಿಬಿಡುತ್ತದೆ. ಇಲ್ಲಿನ ಕೃಷಿ ಇಲಾಖೆಯ ಬಯೋಸೆಕ್ಯುರಿಟಿ ಅಧಿಕಾರಿಗಳು ಹಡಗಿನಲ್ಲಿ ಬಂದ ಮನೆ ಸಾಮಾನನ್ನು ಪರೀಕ್ಷೆ ಮಾಡುತ್ತಾರೆ. ಅನುಮಾನದ ಪೆಟ್ಟಿಗೆ ತೆರೆಸುತ್ತಾರೆ. ಮಣ್ಣು, ಬೀಜ, ಕಾಳು, ತೊಗಟೆ, ಗರಿ, ಸಗಣಿ ಸಿಕ್ಕರೆ ಮೂರೇ ದಾರಿ: ಸಂಸ್ಕರಣೆ, ವಾಪಸ್, ಇಲ್ಲವೇ ನಾಶ. ಯಾವುದಾದರೂ ಖರ್ಚು ನಿಮ್ಮದೇ. ಅಧಿಕಾರಿಯ ಸಮಯಕ್ಕೂ ನೀವೇ ದುಡ್ಡು ಕಟ್ಟಬೇಕು. ನಾನು ಮೊದಲು ಹೇಳಿದ ಉಳಿದರ್ಧ ಲೆಕ್ಕ ಇಲ್ಲೇ ಬೆಳೆಯುವುದು.

ಮುಖ್ಯ ಶತ್ರು ಖಾಪ್ರಾ ಜೀರುಂಡೆ ಅನ್ನುವ ಪುಟ್ಟ ಹುಳ. ಶೇಖರಿಸಿಟ್ಟ ಧಾನ್ಯವನ್ನು ಹಾಳುಮಾಡುತ್ತದೆ. ಭಾರತದಲ್ಲಿ ಇದೆ, ಆಸ್ಟ್ರೇಲಿಯಾದಲ್ಲಿ ನೆಲೆಯೂರಿಲ್ಲ. ಇದರ ಮರಿಹುಳು ಕಂಟೇನರಿನ ಸಂದಿಯಲ್ಲಿ ತಿನ್ನಲು ಏನೂ ಇಲ್ಲದೆ ವರ್ಷಗಟ್ಟಲೆ ಸುಮ್ನೆ ಬಿದ್ದಿರಬಲ್ಲದು. ದೊಡ್ಡ ಪ್ರಮಾಣದಲ್ಲಿ ಗೋಧಿ ರಫ್ತು ಮಾಡುವ ದೇಶಕ್ಕೆ ಇದು ಬಂದರೆ ಏನಾಗುತ್ತದೆ ಊಹಿಸಿ. 2020ರಲ್ಲಿ ಹೊರಗಿನಿಂದ ತರಿಸಿದ ಫ್ರಿಜ್‌ಗಳ ಜೊತೆಗೇ ಇದು ಸಿಕ್ಕಿತು. ಅದೇ ವರ್ಷ ನಿಯಮ ಬಿಗಿಯಾಯಿತು. ಅಕ್ಕಿ, ಕಡಲೆ, ಬೇಳೆಕಾಳು, ಕಡಲೆಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಇವು ಮನೆ ಸಾಮಾನಿನ ಜೊತೆ ಬರುವಂತಿಲ್ಲ. ಅರ್ಧ ಕೆಜಿ ಆದರೂ ಅಷ್ಟೇ.

ನಮ್ಮವರು ಸಿಕ್ಕಿಬೀಳುವುದು ಬೇಕಂತ ತಂದ ಅಕ್ಕಿ ಮೂಟೆಯಿಂದ ಅಲ್ಲ. ಸೋನಾ ಮಸೂರಿ ಮೆಲ್ಬರ್ನಿನ ಡ್ಯಾಂಡೆನಾಂಗ್‌ನಲ್ಲೂ ಟಾರ್ನೀಟ್‌ನಲ್ಲೂ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಸಿಕ್ಕಿಬೀಳುವುದು ಮರೆತುಹೋದ ಹಿಡಿ ಅಕ್ಕಿಯಿಂದ. ಹೊರಡುವ ಮಗಳಿಗೆ ಅಮ್ಮ ಮಡಿಲಕ್ಕಿ ಕೊಡುತ್ತಾರೆ. ಕುಪ್ಪಸದ ಕಣದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನದ ಕೊಂಬು ಕಟ್ಟಿ, ರೇಷ್ಮೆ ಸೀರೆಗಳ ನಡುವೆ ಇಟ್ಟುಬಿಡುತ್ತಾರೆ. ಪ್ಯಾಕ್ ಮಾಡುವ ಹುಡುಗರಿಗೆ ಅದು ಬಟ್ಟೆ ಗಂಟು ಅಷ್ಟೇ. ಅವರು ಪೆಟ್ಟಿಗೆಯ ಮೇಲೆ ‘ಸ್ಯಾರೀಸ್’ ಅಂತ ಬರೆಯುತ್ತಾರೆ. ನೀವು ಫಾರ್ಮಿನಲ್ಲಿ ಆಹಾರ ಪದಾರ್ಥ ‘ಇಲ್ಲ’ ಅಂತ ಟಿಕ್ ಹಾಕುತ್ತೀರಿ. ಇಲ್ಲಿ ಗಂಟು ಬಿಚ್ಚಿದಾಗ ಅಕ್ಕಿ ಉದುರುತ್ತದೆ. ಮಡಿಲಕ್ಕಿಯನ್ನು ಸಂತೋಷವಾಗಿ ತಗೊಳ್ಳಿ, ಕಣ್ಣಿಗೊತ್ತಿಕೊಳ್ಳಿ, ಅಕ್ಕಿಯನ್ನು ಅಲ್ಲೇ ಪಾಯಸ ಮಾಡಿಸಿ ಉಂಡು, ಕುಪ್ಪಸದ ಕಣ ಮಾತ್ರ ಕೊಡವಿ ತನ್ನಿ. ಅಮ್ಮನಿಗೆ ಮೊದಲೇ ಹೇಳಿದರೆ ಬೇಜಾರಾಗಲ್ಲ.

ದೇವರ ಪೆಟ್ಟಿಗೆಯದೂ ಇದೇ ಕಥೆ. ಅಕ್ಷತೆ ಬಟ್ಟಲು, ದರ್ಭೆ, ಒಣಗಿದ ಹೂವಿನ ಪ್ರಸಾದ, ಅಡಿಕೆ, ನವಿಲುಗರಿ, ಸಗಣಿ ಭಸ್ಮ ಎಲ್ಲಾ ಅದರೊಳಗೇ ಇರುತ್ತದೆ. ನವಿಲುಗರಿಯ ರಫ್ತಿಗೆ ಭಾರತದಲ್ಲೇ ನಿಷೇಧ ಇದೆ, ಅಲ್ಲೇ ತಡೆಯುತ್ತಾರೆ. ವಿಗ್ರಹ, ದೀಪ, ಗಂಟೆ ತೊಳೆದು ಒಣಗಿಸಿ ಬೇರೆ ಪೆಟ್ಟಿಗೆಗೆ ಹಾಕಿ. ಉಳಿದದ್ದನ್ನು ಮನೆಯ ಹಿರಿಯರ ಕೈಗೆ ಒಪ್ಪಿಸಿ.

ಅಡುಗೆಮನೆ ಸಾಮಾನನ್ನು ನೀವೇ ಕೂತು ನೋಡಬೇಕು. ಚಕ್ಕುಲಿ ಒರಳಿನ ಬಿಲ್ಲೆ ತೆಗೆದು ಬೆಳಕಿಗೆ ಹಿಡಿಯಿರಿ. ತೂತಿನಲ್ಲಿ ಹೋದ ಹಬ್ಬದ ಹಿಟ್ಟು ಗಟ್ಟಿಯಾಗಿ ಕೂತಿರುತ್ತದೆ. ಬಿಸಿನೀರಲ್ಲಿ ನೆನೆಸಿ, ಕಡ್ಡಿ ಹಾಕಿ ಒಂದೊಂದನ್ನೂ ಬಿಡಿಸಿ. ಲಟ್ಟಣಿಗೆಯ ಹಿಡಿ ಕೂಡುವ ಜಾಗ, ಗ್ರೈಂಡರಿನ ಕಲ್ಲಿನಡಿ, ಮಸಾಲೆ ಡಬ್ಬಿಯ ಮೂಲೆ, ಟೋಸ್ಟರಿನ ತಳ ಇವೆಲ್ಲಾ ಹಾಗೇ. ಗೌರಿ ಹಬ್ಬದ ಬಾಗಿನಕ್ಕೆ ಅಂತ ಮೊರ ತರುವವರು ಬಹಳ. ಬಿದಿರಿಗೆ ನಿಷೇಧ ಇಲ್ಲ, ಆದರೆ ಹೆಣಿಗೆಯ ಸಂದಿಯಲ್ಲಿ ಒಂದು ಕಾಳು ಸಿಕ್ಕರೆ ಮುಗೀತು, ಸಣ್ಣ ತೂತು ಕಂಡರೆ ಹುಳ ಇರಬಹುದು ಅಂತ ಅನುಮಾನ. ಹೊಸ ಮೊರ ತನ್ನಿ, ಬಳಸಿದ್ದು ಬೇಡ. ತೆಂಗಿನ ಕಡ್ಡಿ ಪೊರಕೆ ಖಂಡಿತಾ ಬೇಡ. ಸೈಕಲ್ಲಿನ ಚಕ್ರ, ಕ್ರಿಕೆಟ್ ಶೂ, ಗಾರ್ಡನ್ ಗುದ್ದಲಿ, ಟೆಂಟ್ ಇವುಗಳ ಮಣ್ಣನ್ನು ಬ್ರಷ್ ಹಾಕಿ ತಿಕ್ಕಿ. ಅನುಮಾನ ಬಂದರೆ ‘ಬೈಕಾನ್’ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ಆ ವಸ್ತುವಿನ ಹೆಸರು ಹುಡುಕಿ.

ಸಾಮಾನಿಗೆ ಮರದ ಕ್ರೇಟ್ ಮಾಡಿಸಿದರೆ ಆ ಮರವೂ ನಿಯಮಕ್ಕೆ ಸೇರುತ್ತದೆ. ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಬಿಸಿಯಾಗಿರಬೇಕು, ಇಲ್ಲವೇ ಒಪ್ಪಿತ ಹೊಗೆ ಚಿಕಿತ್ಸೆ ಆಗಿರಬೇಕು. ಗೋಧಿ ತೆನೆಯ ಚಿತ್ರದ ‘ಐಪಿಪಿಸಿ’ ಮುದ್ರೆ ಮರದ ಮೇಲೇ ಇರುತ್ತದೆ. ಮುದ್ರೆ ಇಲ್ಲದ ಮರ ಕಂಡರೆ ಅಲ್ಲೇ ಜಗಳ ಆಡಿ, ಇಲ್ಲಿಗೆ ಬಂದ ಮೇಲೆ ಆಡಿ ಪ್ರಯೋಜನವಿಲ್ಲ.

ಹಳೇ ಸಾಮಾನಿದ್ದರೆ ಭಾರತದ ಕಡೆಯ ಕಾನೂನೂ ಗೊತ್ತಿರಲಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ ಮತ್ತು 75 ವರ್ಷ ದಾಟಿದ ಅಮೂಲ್ಯ ಹಸ್ತಪ್ರತಿಗಳು ದೇಶ ಬಿಟ್ಟು ಹೋಗುವಂತಿಲ್ಲ. ಅಜ್ಜಿಯ ಮೈಸೂರು ಶೈಲಿಯ ಚಿತ್ರ ಅಷ್ಟು ಹಳೆಯದಲ್ಲ ಅಂತಿದ್ದರೆ, ಅದನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ ಪ್ರಮಾಣಪತ್ರ ಪಡೆಯಿರಿ. ಬೀಟೆ ಮರ 2017ರಿಂದ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿದೆ. ಬೀಟೆಯ ದೊಡ್ಡ ಪೀಠೋಪಕರಣಕ್ಕೆ ಕಾಗದಪತ್ರ ಬೇಕು. ಹಳೇ ವೀಣೆಯಲ್ಲೋ ಮೈಸೂರು ಕುಸುರಿ ಪೆಟ್ಟಿಗೆಯಲ್ಲೋ ದಂತದ ಚೂರು ಇದ್ದರೆ ಅದನ್ನು ಕಳಿಸುವ ಯೋಚನೆಯನ್ನೇ ಬಿಡಿ.

ಪ್ಯಾಕಿಂಗ್ ದಿನ ನೀವು ಮನೆಯಲ್ಲಿ ಇರಲೇಬೇಕು. ಹುಡುಗರು ಚುರುಕು. ಮಧ್ಯಾಹ್ನದೊಳಗೆ ಮನೆ ಖಾಲಿ ಮಾಡಿ, ಎಲ್ಲಾ ಪೆಟ್ಟಿಗೆಗೂ ‘ಕಿಚನ್ ಐಟಮ್ಸ್’ ಅಂತ ಬರೆದು ಹೋಗಿಬಿಡುತ್ತಾರೆ. ಅಧಿಕಾರಿ ಯಾವ ಪೆಟ್ಟಿಗೆ ತೆರೆಯಬೇಕು ಅಂತ ನಿರ್ಧರಿಸುವುದು ಈ ಪಟ್ಟಿ ನೋಡಿ. ‘ಸ್ಟೀಲ್ ತಟ್ಟೆ 12, ಕುಕ್ಕರ್ 2, ಇಡ್ಲಿ ಸ್ಟ್ಯಾಂಡ್ 1’ ಅಂತ ಇಂಗ್ಲಿಷಿನಲ್ಲಿ ಬಿಡಿಸಿ ಬರೆಸಿ. ಮರ, ಬಿದಿರು, ಶೂ, ಸೈಕಲ್, ದೇವರ ಸಾಮಾನು ಎಲ್ಲವನ್ನೂ ಎರಡು ಮೂರು ಪೆಟ್ಟಿಗೆಯಲ್ಲೇ ಒಟ್ಟಿಗೆ ಇಡಿಸಿ, ಕಂಟೇನರ್ ಬಾಗಿಲ ಹತ್ತಿರ ಬರುವ ಹಾಗೆ ಕೊನೆಗೆ ತುಂಬಿಸಿ. ಬಚ್ಚಿಡಬೇಡಿ, ಘೋಷಿಸಿಬಿಡಿ. ಘೋಷಿಸಿದ್ದಕ್ಕೆ ಪರೀಕ್ಷೆ, ಬಚ್ಚಿಟ್ಟಿದ್ದಕ್ಕೆ ದಂಡ.

ಬೆಂಗಳೂರಿಗೆ ಸಮುದ್ರ ಇಲ್ಲ ನೋಡಿ, ಹಾಗಾಗಿ ಸಾಮಾನು ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋ ಮೂಲಕವೋ ನೇರವಾಗಿ ಲಾರಿಯಲ್ಲೋ ಚೆನ್ನೈ ಬಂದರಿಗೆ ಹೋಗುತ್ತದೆ. ಅಲ್ಲಿಂದ ಸಾಮಾನ್ಯವಾಗಿ ಕೊಲಂಬೊ, ಸಿಂಗಾಪುರ ಅಥವಾ ಮಲೇಷ್ಯಾದ ಪೋರ್ಟ್ ಕ್ಲಾಂಗ್‌ನಲ್ಲಿ ಹಡಗು ಬದಲಾಗುತ್ತದೆ. ಮನೆಯಿಂದ ಮನೆಗೆ ಎರಡು ತಿಂಗಳು ಹಿಡಿದುಕೊಳ್ಳಿ. ಹಂಚಿಕೊಂಡ ಕಂಟೇನರ್ ಆದರೆ ಅದು ತುಂಬುವವರೆಗೆ ಕಾಯಬೇಕು. ಇಲ್ಲಿಗೆ ಬಂದ ಮೇಲೆ ಪಕ್ಕದವರ ಪೆಟ್ಟಿಗೆಯಲ್ಲಿ ಹುಳ ಸಿಕ್ಕರೆ ನಿಮ್ಮದೂ ನಿಲ್ಲಬಹುದು. ಮೊದಲ ಎರಡು ತಿಂಗಳಿಗೆ ಬೇಕಾದ ಬಟ್ಟೆ, ಒಂದು ಕುಕ್ಕರ್, ಒಂದು ಬಾಣಲೆ ವಿಮಾನದ ಸೂಟ್‌ಕೇಸಿನಲ್ಲೇ ಬರಲಿ.

ಕಾಗದಪತ್ರದಲ್ಲಿ ನಮ್ಮ ಕಡೆಯವರಿಗೆ ಇರುವ ತೊಂದರೆ ಒಂದಿದೆ, ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿರುತ್ತದೆ. ಕಂಪನಿಯವರು ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನ ಸರಕು ರಶೀದಿಯಲ್ಲಿ) ಆಧಾರ್ ನೋಡಿ ಬರೀ ಎರಡಕ್ಷರ ಹಾಕುತ್ತಾರೆ. ಕರಡು ಕಳಿಸಿದಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಇಲ್ಲಿ ಬಿಡಿಸಿಕೊಳ್ಳಲು ‘ಬಿ534’ ಅನ್ನುವ ಫಾರ್ಮ್, ಪಾಸ್‌ಪೋರ್ಟ್ ಪ್ರತಿ, ಸಾಮಾನಿನ ಪಟ್ಟಿ ಬೇಕು. ನೀವು ದೇಶಕ್ಕೆ ಬಂದಿರಬೇಕು, ಸಾಮಾನು ನಿಮಗಿಂತ ಮುಂಚೆ ಬಂದು ಕೂತರೆ ಗೋದಾಮಿನ ಬಾಡಿಗೆ ಏರುತ್ತದೆ.

ಈಗ ರೇಟು. ‘ಡೋರ್ ಟು ಡೋರ್’ ಅನ್ನುವ ಮಾತನ್ನು ನಂಬಬೇಡಿ, ಅದರೊಳಗೆ ಏನೇನು ಸೇರಿದೆ ಅಂತ ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಮೆಲ್ಬರ್ನ್ ಬಂದರಿನ ಟರ್ಮಿನಲ್ ಖರ್ಚು, ಡೆಲಿವರಿ ಆರ್ಡರ್ (ಸಾಮಾನು ಬಿಟ್ಟುಕೊಡುವ ಕಾಗದ) ಫೀ, ಕಸ್ಟಮ್ಸ್ ಕ್ಲಿಯರೆನ್ಸ್, ಬಯೋಸೆಕ್ಯುರಿಟಿ ಫೀ, ಕಂಟೇನರ್ ಖಾಲಿ ಮಾಡುವ ಖರ್ಚು, ಮೆಟ್ಟಿಲು ಹತ್ತಿಸುವ ಕೂಲಿ, ಖಾಲಿ ರಟ್ಟು ಒಯ್ಯುವುದು. ಒಂದೊಂದರ ಎದುರು ‘ಸೇರಿದೆ’ ಅಥವಾ ‘ಸೇರಿಲ್ಲ’ ಅಂತ ಉತ್ತರ ಬರಬೇಕು. ನಮ್ಮ ಬಡಾವಣೆಯ ಒಂದು ಕುಟುಂಬಕ್ಕೆ ಬೆಂಗಳೂರಿನ ಒಂದು ಕಂಪನಿ ಎಲ್ಲರಿಗಿಂತ ಕಡಿಮೆ ರೇಟು ಹೇಳಿತ್ತು. ಸಾಮಾನು ಬಂದರಿಗೆ ಬಂದ ಮೇಲೆ ಇಲ್ಲಿನ ಏಜೆಂಟ್ ಬೇರೆಯೇ ಬಿಲ್ ಕಳಿಸಿದ. ಕಟ್ಟದಿದ್ದರೆ ದಿನದಿನಕ್ಕೂ ಗೋದಾಮಿನ ಬಾಡಿಗೆ. ಕಟ್ಟಿದರು, ಇನ್ನೇನು ಮಾಡೋದು. ಮೂರು ಕಡೆ ರೇಟು ಕೇಳಿ, ತೀರಾ ಕಡಿಮೆ ಹೇಳಿದವರನ್ನು ಮೊದಲು ಅನುಮಾನಿಸಿ. ಇಲ್ಲಿನ ಏಜೆಂಟ್ ಯಾರು ಅಂತ ಹೆಸರು ಕೇಳಿ, ನೀವೇ ಒಂದು ಫೋನ್ ಮಾಡಿ ಮಾತಾಡಿ.

ವಿಮೆ ಬೇಕೇ ಬೇಕು. ‘ಟೋಟಲ್ ಲಾಸ್’ ಅಂದರೆ ಎಲ್ಲಾ ಮುಳುಗಿದರೆ ಮಾತ್ರ ದುಡ್ಡು, ‘ಆಲ್ ರಿಸ್ಕ್’ ಅಂದರೆ ಒಡೆದದ್ದಕ್ಕೂ ಉಂಟು. ನೀವೇ ಪ್ಯಾಕ್ ಮಾಡಿದ ಪೆಟ್ಟಿಗೆಯಲ್ಲಿ ಒಡೆದದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. 2020ರ ಮೇ ತಿಂಗಳಲ್ಲಿ ಮೆಲ್ಬರ್ನಿಗೆ ಬರುತ್ತಿದ್ದ ಎಪಿಎಲ್ ಇಂಗ್ಲೆಂಡ್ ಹಡಗಿನಿಂದ ಸಿಡ್ನಿ ಹತ್ತಿರ 50 ಕಂಟೇನರ್ ಸಮುದ್ರಕ್ಕೆ ಬಿದ್ದವು. ಇನ್ನೊಂದು ಹಳೇ ಪದ್ಧತಿ ಇದೆ, ‘ಜನರಲ್ ಆವರೇಜ್’. ಹಡಗು ಉಳಿಸಲು ಆದ ಖರ್ಚನ್ನು ಅದರಲ್ಲಿ ಸಾಮಾನಿಟ್ಟ ಎಲ್ಲರೂ ಹಂಚಿಕೊಳ್ಳಬೇಕು, ಸಾಮಾನಿಗೆ ಏನೂ ಆಗದಿದ್ದರೂ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನಲ್ಲಿ ಇದೇ ಆಯಿತು. ವಿಮೆ ಇದ್ದರೆ ಅವರು ನೋಡಿಕೊಳ್ಳುತ್ತಾರೆ.

ಸಾಮಾನು ಮನೆಗೆ ಬಂದ ದಿನ ಗಂಡ ಹೆಂಡತಿ ಕೆಲಸ ಹಂಚಿಕೊಳ್ಳಿ. ಒಬ್ಬರು ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತು ಪೆಟ್ಟಿಗೆಯ ನಂಬರಿಗೆ ಟಿಕ್ ಹಾಕಿ, ಇನ್ನೊಬ್ಬರು ಒಳಗೆ ಜಾಗ ತೋರಿಸಿ. ಜಜ್ಜಿದ, ಒದ್ದೆಯಾದ ಪೆಟ್ಟಿಗೆ ಕಂಡರೆ ಅವರ ಮುಂದೆಯೇ ಫೋಟೋ ತೆಗೆಯಿರಿ. ರಶೀದಿಯಲ್ಲಿ ‘ಇಷ್ಟನೇ ನಂಬರ್ ಹಾಳಾಗಿದೆ’ ಅಂತ ಬರೆದೇ ಸಹಿ ಮಾಡಿ. ಬರೀ ಸಹಿ ಮಾಡಿದರೆ ಎಲ್ಲಾ ಸರಿಯಾಗಿ ಬಂತು ಅಂತ ಒಪ್ಪಿಕೊಂಡ ಹಾಗೆ. ವಿಮೆ ಕೇಳುವುದಕ್ಕೆ ಪಾಲಿಸಿಯಲ್ಲಿ ಗಡುವು ಇರುತ್ತದೆ. ಗಾಜು, ಟಿವಿ, ಗ್ರೈಂಡರ್ ಇರುವ ಪೆಟ್ಟಿಗೆಗಳನ್ನು ಆ ವಾರವೇ ಬಿಚ್ಚಿ, ಟಿವಿ ಗ್ರೈಂಡರ್‌ಗಳನ್ನು ಆನ್ ಮಾಡಿ ನೋಡಿ.