ಕಾರ್ಡಿಗೆ ಬಿಗಿ, ನೋಟಿಗೆ ಸಡಿಲ: ತೆಳು ಪರ್ಸೊಂದನ್ನು ರೂಪಿಸಿದ ನನ್ನ ಅನುಭವ

ಅಂಗಡಿಯಲ್ಲಿ ಸಿಗುವ ತೆಳು ಪರ್ಸುಗಳಲ್ಲಿ ಹೆಚ್ಚಿನವು, ಕಾರ್ಡುಗಳ ಸಂಖ್ಯೆ ಏರಿಳಿಯುತ್ತದೆ, ನೋಟುಗಳು ನೆಪಕ್ಕೆ ಒಂದೆರಡು ಇರುತ್ತವೆ ಎಂಬ ಲೆಕ್ಕಾಚಾರದ ಮೇಲೆ ನಿಂತಿವೆ. ಅದಕ್ಕಾಗಿ ಕಾರ್ಡಿನ ಜೇಬಿಗೆ ಎಲಾಸ್ಟಿಕ್ ಹಾಕಿ ಹಿಗ್ಗುವಂತೆ ಮಾಡುತ್ತಾರೆ, ನೋಟಿಗೆ ಹಿಂಬದಿಯಲ್ಲಿ ಒಂದು ಕ್ಲಿಪ್ಪು ಕೂರಿಸಿ ಕೈತೊಳೆದುಕೊಳ್ಳುತ್ತಾರೆ. ಮಂಗಳೂರಿನಲ್ಲಿ ದಿನವೂ ಸಿಟಿ ಬಸ್ಸು ಹತ್ತಿ ಇಳಿಯುವ ನನ್ನಂಥವನ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ನನ್ನಲ್ಲಿರುವ ಕಾರ್ಡುಗಳು ವರ್ಷವಿಡೀ ಅವೇ ಐದು. ಬೆಳಿಗ್ಗೆಗೂ ಸಂಜೆಗೂ ನಡುವೆ ಬದಲಾಗುವುದು ನೋಟಿನ ಕಟ್ಟು: ಮನೆಯಿಂದ ಹೊರಡುವಾಗ ಐನೂರರ ಒಂದು ನೋಟಾಗಿದ್ದದ್ದು ಬಸ್ಸು, ಚಹಾ, ಮೀನು ಎಂದು ಮುರಿಯುತ್ತಾ ಹೋಗಿ ಸಂಜೆಗೆ ಹತ್ತು ಇಪ್ಪತ್ತರ ಹತ್ತಾರು ನೋಟುಗಳಾಗಿ ಉಬ್ಬಿಕೊಂಡಿರುತ್ತದೆ. ಫೋನಿನಲ್ಲೇ ಎಲ್ಲ ಪಾವತಿ ಮಾಡುವ ಕಾಲ ಬಂದ ಮೇಲೂ ಈ ಚಿಲ್ಲರೆ ನೋಟುಗಳ ಓಡಾಟ ನನ್ನ ಜೇಬಿನಲ್ಲಿ ನಿಂತಿಲ್ಲ. ಆದ್ದರಿಂದ ಪರ್ಸನ್ನು ನಾನೇ ಮಾಡಿಕೊಳ್ಳಲು ಹೊರಟಾಗ ಮೊದಲು ತೀರ್ಮಾನಿಸಿದ್ದು ಇಷ್ಟು: ಕಾರ್ಡಿನ ಜೇಬು ಹಿಗ್ಗಬಾರದು, ನೋಟಿನ ಜೇಬು ಹಿಗ್ಗಬೇಕು. ಉಳಿದ ಅಳತೆಗಳೆಲ್ಲ ಈ ಒಂದು ತೀರ್ಮಾನದಿಂದ ಹುಟ್ಟಿದವು.

ಕಾರ್ಡು ಐದಕ್ಕೆ ಇಳಿದದ್ದರಲ್ಲಿ ನನ್ನ ಮಿತವ್ಯಯದ ಪಾಲೇನೂ ಇಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನೊಳಗೆ ಸೇರಿಹೋದದ್ದರಿಂದ, ಎರಡೂ ಕಡೆ ಖಾತೆಯಿದ್ದ ನನ್ನಂಥವರ ಪರ್ಸು ತಾನಾಗಿಯೇ ಒಂದು ಕಾರ್ಡಿನಷ್ಟು ತೆಳ್ಳಗಾಯಿತು. ಈಗ ಇರುವುದು ಎರಡು ಬ್ಯಾಂಕ್ ಕಾರ್ಡು, ಚಾಲನಾ ಪರವಾನಗಿ, ಪಿವಿಸಿ ಆಧಾರ್ ಮತ್ತು ಕೆಲಸದ ಗುರುತಿನ ಚೀಟಿ.

ಹಳೆಯ ಮಡಿಕೆಯ ಪರ್ಸನ್ನು ಎಸೆಯುವ ಮೊದಲು ಹೊಲಿಗೆ ಬಿಚ್ಚಿ ಹರಡಿ ನೋಡಿದೆ. ವೃತ್ತಿಯಲ್ಲಿ ಪೀಠೋಪಕರಣಗಳ ನಕ್ಷೆ ಮಾಡುವವನಾದ್ದರಿಂದ ದಪ್ಪ ಅಳೆಯುವ ಕ್ಯಾಲಿಪರ್ ಕೈಯಲ್ಲೇ ಇತ್ತು. ಒಂದೊಂದು ಕಾರ್ಡಿಗೂ ಒಂದೊಂದು ಪ್ರತ್ಯೇಕ ಮನೆ, ಪ್ರತಿ ಮನೆಗೂ ಒಂದು ಪದರ ಚರ್ಮ, ಅದರ ಹಿಂದೆ ಅಸ್ತರಿ. ಇದನ್ನೆಲ್ಲ ಎರಡು ಮಡಿಸಿದಾಗ ಪದರಗಳೂ ಇಮ್ಮಡಿಯಾಗುತ್ತವೆ. ಒಂದು ಕಾರ್ಡಿನ ದಪ್ಪ 0.76 ಮಿ.ಮೀ.; ಅದನ್ನು ಹಿಡಿದಿಡುವ ಚರ್ಮ ಮತ್ತು ಅಸ್ತರಿಯ ದಪ್ಪ ಅದಕ್ಕಿಂತ ಹೆಚ್ಚು. ಎಂದರೆ ಪರ್ಸು ದಪ್ಪಗಿರುವುದು ಕಾರ್ಡುಗಳಿಂದಲ್ಲ, ಅವುಗಳ ನಡುವಿನ ಗೋಡೆಗಳಿಂದ. ಐದು ಕಾರ್ಡುಗಳನ್ನು ಒಂದೇ ಜೇಬಿನಲ್ಲಿ ಒಂದರ ಮೇಲೊಂದು ಇಟ್ಟರೆ 3.8 ಮಿ.ಮೀ.ಗೆ ಮುಗಿಯಿತು. ಬೇಕಾದ ಕಾರ್ಡು ಹುಡುಕಲು ಅರೆಕ್ಷಣ ಹೆಚ್ಚು ಹಿಡಿಯುತ್ತದೆ ಎಂಬ ಆಕ್ಷೇಪಣೆಗೆ ನನ್ನ ಉತ್ತರ, ದಿನಕ್ಕೆ ಬೇಕಾಗುವುದು ಒಂದೇ ಕಾರ್ಡು, ಅದು ಯಾವಾಗಲೂ ಹೊರಮುಖವಾಗಿರಲಿ ಎಂಬುದು.

ಹೀಗಾಗಿ ಪರ್ಸು ಮೂರೇ ಹಾಳೆಗಳದ್ದಾಯಿತು. ಹಿಂದಿನ ಹಾಳೆಗೂ ನಡುವಿನ ಹಾಳೆಗೂ ಮಧ್ಯೆ ಕಾರ್ಡುಗಳು, ನಡುವಿನ ಹಾಳೆಗೂ ಮುಂದಿನ ಹಾಳೆಗೂ ಮಧ್ಯೆ ನೋಟುಗಳು. ಮಡಿಕೆ ಇಲ್ಲ, ಗುಂಡಿ ಇಲ್ಲ.

ಅಗಲವನ್ನು ಗೊತ್ತುಮಾಡುವಾಗ ಒಂದು ಸರಳ ಸೂತ್ರ ನೆರವಿಗೆ ಬಂತು. ಎರಡು ಹಾಳೆಗಳನ್ನು ಅಂಚಿನಲ್ಲಿ ಹೊಲಿದ ಚಪ್ಪಟೆ ಜೇಬಿನೊಳಗೆ ದಪ್ಪವಿರುವ ವಸ್ತುವನ್ನು ಇಟ್ಟಾಗ, ಹೊಲಿಗೆಯಿಂದ ಹೊಲಿಗೆಗೆ ಇರಬೇಕಾದ ಅಂತರವು ವಸ್ತುವಿನ ಅಗಲಕ್ಕೆ ಅದರ ದಪ್ಪವನ್ನು ಕೂಡಿಸಿದಷ್ಟು. ಐಎಸ್‌ಒ 7810 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಬ್ಯಾಂಕ್ ಕಾರ್ಡಿನ ಅಳತೆ 85.60 × 53.98 ಮಿ.ಮೀ.; ಪರವಾನಗಿಯೂ ಪಿವಿಸಿ ಆಧಾರ್ ಕೂಡ ಇದೇ ಅಳತೆಯವು. 85.6ಕ್ಕೆ 3.8 ಕೂಡಿಸಿದರೆ 89.4, ಎರಡು ಬದಿಗೂ ಹೊಲಿಗೆಯ ಅಂಚಿಗೆಂದು 3.5ರಂತೆ ಸೇರಿಸಿದರೆ 96.4. ನಾನು 96ಕ್ಕೇ ಕತ್ತರಿಸಿದೆ. ಚರ್ಮ ಬಳಕೆಯಲ್ಲಿ ಹಿಗ್ಗುವ ವಸ್ತು. ಮೊದಲ ವಾರ ಕಾರ್ಡನ್ನು ಎಳೆಯಲು ತುಸು ಬಲ ಬೇಕಾಗುವಷ್ಟು ಬಿಗಿಯಿದ್ದರೆ ಮಾತ್ರ ವರ್ಷದ ನಂತರವೂ ಪರ್ಸನ್ನು ತಲೆಕೆಳಗೆ ಹಿಡಿದಾಗ ಕಾರ್ಡುಗಳು ಉದುರದೆ ನಿಲ್ಲುತ್ತವೆ. ಮೊದಲೇ ಸಲೀಸಾಗಿರುವ ಜೇಬು ಮುಂದೆ ಜೋಲುವುದು ಖಂಡಿತ.

ಎತ್ತರವನ್ನು ಮಾತ್ರ ಕಾರ್ಡು ನಿರ್ಧರಿಸಲಿಲ್ಲ, ನೋಟು ನಿರ್ಧರಿಸಿತು. ಈಗ ಚಲಾವಣೆಯಲ್ಲಿರುವ ಹೊಸ ಸರಣಿಯಲ್ಲಿ ಹತ್ತು ಮತ್ತು ಇಪ್ಪತ್ತರ ನೋಟುಗಳ ಎತ್ತರ 63 ಮಿ.ಮೀ., ಐವತ್ತರಿಂದ ಐನೂರರವರೆಗಿನವು 66 ಮಿ.ಮೀ. ಉದ್ದ ಮಾತ್ರ ಮುಖಬೆಲೆಯೊಂದಿಗೆ ಬೆಳೆಯುತ್ತದೆ: ಹತ್ತರದ್ದು 123, ನೂರರದ್ದು 142, ಇನ್ನೂರರದ್ದು 146, ಐನೂರರದ್ದು 150. ಐನೂರರ ನೋಟನ್ನು ಮೂರು ಮಡಿಕೆ ಮಾಡಿದರೆ 50 × 66 ಆಗಿ ಕಾರ್ಡಿನ ಗಾತ್ರದೊಳಗೇ ಅಡಗುತ್ತದೆ, ಆಗ ಪರ್ಸನ್ನು ಇನ್ನಷ್ಟು ಗಿಡ್ಡ ಮಾಡಬಹುದಿತ್ತು. ಆದರೆ ಮೂರು ಮಡಿಕೆಯೆಂದರೆ ಹತ್ತು ನೋಟಿಗೆ ಮೂವತ್ತು ಪದರ, ಸಾಲದ್ದಕ್ಕೆ ತೆಗೆಯುವಾಗೊಮ್ಮೆ ಇಡುವಾಗೊಮ್ಮೆ ಬಿಡಿಸಿ ಮಡಿಸುವ ಕಸರತ್ತು. ಎರಡು ಮಡಿಕೆಯೇ ಸಾಕೆಂದು ಬಿಟ್ಟೆ. 75 × 66ರ ಕಟ್ಟು 89ರ ಅಗಲದೊಳಗೆ ಆರಾಮವಾಗಿ ಕೂರುತ್ತದೆ. ಹಳೆಯ ಸರಣಿಯ ನೂರರ ನೋಟು 157 × 73 ಅಳತೆಯದು. ಅದು ಕೈಗೆ ಬಂದಾಗ ಮೇಲಂಚಿನಿಂದ ಕೊಂಚ ಇಣುಕುತ್ತದೆ. ಅಪರೂಪವಾಗುತ್ತಿರುವ ಆ ಒಂದು ನೋಟಿಗಾಗಿ ಇಡೀ ಪರ್ಸನ್ನು ಎತ್ತರಿಸುವುದು ನನಗೆ ಸರಿಕಾಣಲಿಲ್ಲ.

ಮೂರು ಹಾಳೆಗಳನ್ನೂ ಒಂದೇ ಎತ್ತರಕ್ಕೆ ಕತ್ತರಿಸುವ ಅಗತ್ಯವೂ ಇರಲಿಲ್ಲ. ನಡುವಿನದು 74, ಮುಂದಿನದು 62, ಹಿಂದಿನದು 48 ಮಿ.ಮೀ. ಹಿಂದಿನ ಹಾಳೆ ಗಿಡ್ಡವಾದ್ದರಿಂದ ಕಾರ್ಡುಗಳ ಮೇಲಂಚು ಒಂದು ಸೆಂಟಿಮೀಟರಿನಷ್ಟು ತೆರೆದಿರುತ್ತದೆ. ಹೆಬ್ಬೆರಳನ್ನು ಅದರ ಮೇಲಿಟ್ಟು ಒತ್ತಿ ಸರಿಸಿದರೆ ಹೊರಗಿನ ಕಾರ್ಡು ಹೊರಬರುತ್ತದೆ. ಬೆರಳಿಗೆಂದು ಕೊರೆದ ಅರ್ಧಚಂದ್ರವಾಗಲಿ ಎಳೆಯುವ ದಾರವಾಗಲಿ ಬೇಕಾಗಲಿಲ್ಲ. ಮುಂದಿನ ಹಾಳೆಯ ಮೇಲೆ ನೋಟಿನ ಅಂಚು ಅಷ್ಟೇ ಇಣುಕುತ್ತದೆ. ಇದೆಲ್ಲವನ್ನೂ ಮೊದಲು ದಪ್ಪ ಕಾಗದದ ಹಳೆಯ ಮದುವೆ ಆಮಂತ್ರಣಗಳನ್ನು ಕತ್ತರಿಸಿ ಅಂಟಿಸಿ ನೋಡಿಕೊಂಡೆ. ನಮ್ಮೂರಿನ ಯಾವ ಮನೆಯಲ್ಲೂ ಅವುಗಳಿಗೆ ಬರವಿಲ್ಲ.

ಇನ್ನು ಹಿಗ್ಗುವ ಭಾಗ. ಇಲ್ಲಿ ನನಗೆ ಮಾರ್ಗದರ್ಶಕರಾದವರು ಬಸ್ಸಿನ ನಿರ್ವಾಹಕರು. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಹೊರಟ ಬಸ್ಸು ಹಂಪನಕಟ್ಟೆ ದಾಟುವಷ್ಟರಲ್ಲಿ ತುಂಬಿರುತ್ತದೆ. ಪ್ರಯಾಣಿಕನ ಒಂದು ಕೈ ಮೇಲಿನ ಸರಳಿನ ಮೇಲೆ, ಪರ್ಸಿಗೆ ಉಳಿಯುವುದು ಇನ್ನೊಂದೇ. ನಿರ್ವಾಹಕರು ನೋಟುಗಳನ್ನು ಉದ್ದಕ್ಕೆ ಸೀಳಿದಂತೆ ಮಡಿಸಿ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡಿರುತ್ತಾರೆ, ಹತ್ತರದ್ದು ಒಂದು ಸಂದಿಯಲ್ಲಿ, ಇಪ್ಪತ್ತರದ್ದು ಇನ್ನೊಂದರಲ್ಲಿ. ಮರಳಿ ಕೊಡುವ ಚಿಲ್ಲರೆ ಅದೇ ಮಡಿಕೆಯಲ್ಲೇ ಬರುತ್ತದೆ. ಅಂಥ ನೋಟನ್ನು ಬಿಡಿಸಿ, ನೀವಿ, ಅಡ್ಡಕ್ಕೆ ಮಡಿಸಿ ಒಳಗಿಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅದನ್ನು ಇದ್ದ ಹಾಗೆಯೇ ಇನ್ನೊಂದು ಮಡಿಕೆ ಮಾಡಿ ತುರುಕಿದರೆ ಅದರ ಎತ್ತರ ಮೂವತ್ತು ಮಿ.ಮೀ. ಚಿಲ್ಲರೆ, ಮುಂದಿನ ಹಾಳೆಯ ಹಿಂದೆ ಪೂರ್ತಿ ಮುಳುಗುತ್ತದೆ. ಮತ್ತೆ ತೆಗೆಯಲು ಎರಡು ಬೆರಳು ಒಳಗೆ ಹೋಗಲೇಬೇಕು. ಬೆರಳಿನ ದಪ್ಪವನ್ನು ಅಳೆದು, ಜೇಬಿನ ಬಾಯಿ 24 ಮಿ.ಮೀ.ವರೆಗೆ ತೆರೆದುಕೊಳ್ಳಬೇಕೆಂದು ಗೊತ್ತುಮಾಡಿದೆ.

ತೆರೆಯುವುದು ಬಾಯಲ್ಲಿ ಮಾತ್ರ; ತಳ ಹಿಗ್ಗಬೇಕಾಗಿಲ್ಲ. ಎರಡೂ ಪಕ್ಕಗಳಲ್ಲಿ ಮೇಲೆ 24 ಮಿ.ಮೀ. ಅಗಲವಿದ್ದು ಕೆಳಕ್ಕೆ ಬರುತ್ತಾ ಸೊನ್ನೆಗೆ ಇಳಿಯುವ ತ್ರಿಕೋನಾಕಾರದ ಪಟ್ಟಿಯನ್ನು ಸೇರಿಸಿದರೆ, ಅದು ಹಾರ್ಮೋನಿಯಂನ ತಿದಿಯ ಹಾಗೆ ನಡುವೆ ಒಳಕ್ಕೆ ಮಡಚಿಕೊಂಡು ನಿಲ್ಲುತ್ತದೆ. ಚರ್ಮದ ಕೆಲಸದವರು ಇದಕ್ಕೆ ಗಸೆಟ್ ಎನ್ನುತ್ತಾರೆ. ಇದನ್ನು ಚರ್ಮದಲ್ಲೇ ಮಾಡುವುದು ರೂಢಿ. ಆದರೆ ಅರ್ಧ ಮಿ.ಮೀ.ಗೆ ಹೆರೆದ ಚರ್ಮವೂ ಮಡಚಿದಾಗ ಒಂದು ಮಿ.ಮೀ. ಆಗುತ್ತದೆ, ಹೊಲಿಗೆಯ ಅಂಚುಗಳು ಸೇರಿ ಪಕ್ಕಗಳೇ ಉಬ್ಬುತ್ತವೆ, ನಡುವೆ ಟೊಳ್ಳು ಉಳಿಯುತ್ತದೆ. ನೋಟು ಇಲ್ಲದಾಗಲೂ ದಪ್ಪ ಕಾಣುವ ಪರ್ಸಿನಿಂದ ಏನು ಪ್ರಯೋಜನ?

ನಾನು ಆರಿಸಿದ್ದು ಕೊಡೆಯ ಬಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಡ್ಡಿ ಮುರಿದ, ಬಟ್ಟೆ ಮಾತ್ರ ಗಟ್ಟಿಯಿರುವ ಕೊಡೆಗಳು ನಮ್ಮಲ್ಲಿ ಬೇಕಾದಷ್ಟು. ಈ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಸುಮಾರು ನೋಟಿನ ಕಾಗದದಷ್ಟೇ ತೆಳ್ಳಗೆ, ನೀರು ಹೀರುವುದಿಲ್ಲ, ಬೆವರಿಗೆ ಕೊಳೆಯುವುದಿಲ್ಲ. ಒಳಮೈಗೆ ಬೆಳ್ಳಿಬಣ್ಣ ಬಳಿದ ಬಟ್ಟೆಯನ್ನು ಬಿಟ್ಟು, ಬರಿಯ ಕಪ್ಪು ಬಟ್ಟೆಯನ್ನು ತೆಗೆದುಕೊಳ್ಳುವುದು ಒಳ್ಳೆಯದು. ಆ ಬೆಳ್ಳಿಬಣ್ಣ ಉಜ್ಜಿ ಉಜ್ಜಿ ಉದುರಿ ನೋಟಿಗೆ ಹತ್ತುತ್ತದೆ. ಕೊಡೆಯ ಒಂದೊಂದು ಹೋಳೂ ತ್ರಿಕೋನವಾಗಿರುವುದರಿಂದ ಅದರ ಓರೆ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಬಟ್ಟೆ ಎಳೆತಕ್ಕೆ ಜಗ್ಗುತ್ತದೆ. ಆದ್ದರಿಂದ ಹೋಳಿನ ನಡುಭಾಗದಲ್ಲಿ ನೂಲಿನ ಎಳೆ ನೇರವಾಗಿ ಸಾಗುವ ದಿಕ್ಕನ್ನು ನೋಡಿಕೊಂಡು ಕತ್ತರಿಸಬೇಕು. ಕತ್ತರಿಸಿದ ಅಂಚನ್ನು ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಸವರಿದರೆ ಎಳೆಗಳು ಕರಗಿ ಬೆಸೆದುಕೊಳ್ಳುತ್ತವೆ, ಅಂಚು ಬಿಚ್ಚಿಕೊಳ್ಳುವುದಿಲ್ಲ. ನಡುಮಡಿಕೆಯನ್ನು ಮೇಲೊಂದು ಹತ್ತಿಬಟ್ಟೆ ಹಾಸಿ ಕಡಿಮೆ ಉರಿಯ ಇಸ್ತ್ರಿಯಿಂದ ಒತ್ತಿದರೆ ಆ ಗೆರೆ ಬಟ್ಟೆಯಲ್ಲಿ ಸ್ಥಿರವಾಗುತ್ತದೆ. ಮುಂದೆ ಪರ್ಸು ಮುಚ್ಚಿದಾಗಲೆಲ್ಲ ಪಟ್ಟಿ ಹೊರಕ್ಕೆ ಚಾಚದೆ ತಾನಾಗಿ ಒಳಕ್ಕೇ ಮಡಚಿಕೊಳ್ಳುವುದು ಈ ಗೆರೆಯಿಂದ.

ಚರ್ಮಕ್ಕೆ ಆಡಿನದನ್ನು ಆರಿಸಿದೆ. ತೆಳುವಾಗಿದ್ದೂ ಗಟ್ಟಿಯಾಗಿರುವ ಗುಣ ಅದಕ್ಕಿದೆ, 0.8 ಮಿ.ಮೀ. ದಪ್ಪದ ಹಾಳೆಗಳು ಮೂರು ಸೇರಿದರೂ 2.4 ಮಾತ್ರ. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳ ಕಡೆ ಹದವಾಗುವ ಚರ್ಮ ಬೆಂಗಳೂರಿನ ಅಂಗಡಿಗಳಲ್ಲಿ ತುಂಡುಗಳಾಗಿ ಸಿಗುತ್ತದೆ. ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ್ದು ಬೇಕೋ ಕ್ರೋಮ್ ಎಂಬ ಲೋಹದ ಲವಣದಿಂದ ಹದಮಾಡಿದ್ದು ಬೇಕೋ ಎಂಬುದು ಕರಾವಳಿಯಲ್ಲಿ ಬರಿಯ ರುಚಿಯ ಪ್ರಶ್ನೆಯಲ್ಲ. ಮೊದಲನೆಯದರ ಅಂಚನ್ನು ನೀರು ಸವರಿ ಮರದ ತುಂಡಿನಿಂದ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನಲ್ಲಿಟ್ಟರೆ ಬೂಸ್ಟು ಹಿಡಿಯುವುದೂ ಅದಕ್ಕೇ ಬೇಗ. ಎರಡನೆಯದು ಬೂಸ್ಟನ್ನು ಹೆಚ್ಚು ತಾಳುತ್ತದೆ, ಆದರೆ ಅಂಚು ಉಜ್ಜಿದರೆ ನುಣುಪಾಗುವುದಿಲ್ಲ, ಬಣ್ಣ ಬಳಿಯಬೇಕು. ಆ ಬಣ್ಣ ಜೇಬಿನ ತಿಕ್ಕಾಟಕ್ಕೆ ಸಿಪ್ಪೆ ಏಳುತ್ತದೆ. ದಿನವೂ ಕೈಯಲ್ಲಿ ಆಡುವ ವಸ್ತುವಿಗೆ ಬೂಸ್ಟು ಹಿಡಿಯಲು ಪುರುಸೊತ್ತು ಸಿಗುವುದಿಲ್ಲ ಎಂಬ ಲೆಕ್ಕದಲ್ಲಿ ನಾನು ಮೊದಲನೆಯದನ್ನೇ ಆರಿಸಿ, ಜೇನುಮೇಣವನ್ನು ತೆಳ್ಳಗೆ ಸವರಿ ಬಿಸಿಗಾಳಿ ತೋರಿಸಿ ಹೀರಿಸಿದೆ. ಎಣ್ಣೆ ಹೆಚ್ಚಾಗಿ ಕುಡಿಸಿದರೆ ಚರ್ಮ ಮೆತ್ತಗಾಗಿ ಕಾರ್ಡಿನ ಜೇಬಿನ ಬಿಗಿ ಹೋಗುತ್ತದೆ. ಅಂಚು ಉಜ್ಜಲು ನನ್ನ ಕಾರ್ಖಾನೆಯಲ್ಲಿ ಉಳಿದ ಬೀಟೆ ಮರದ ಚೂರು ಸಾಕಾಯಿತು.

ಹೊಲಿಗೆ ಎರಡು ಸೂಜಿಯದು, ಒಂದೇ ದಾರದ ಎರಡು ತುದಿಗಳು ಪ್ರತಿ ತೂತಿನಲ್ಲೂ ಎದುರುಬದುರಾಗಿ ಹಾಯುವಂಥದ್ದು. ಒಂದು ಕಡೆ ಕಡಿದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಮೇಣ ಹಾಕಿದ ಪಾಲಿಯೆಸ್ಟರ್ ದಾರ, ತೂತುಗಳ ನಡುವೆ 3 ಮಿ.ಮೀ. ತೂತು ಮಾಡುವ ಉಳಿಯನ್ನು ಚರ್ಮಕ್ಕೆ ಮಾತ್ರ ಹೊಡೆಯಬೇಕು. ಕೊಡೆ ಬಟ್ಟೆಯನ್ನೂ ಜೊತೆಗಿಟ್ಟು ಹೊಡೆದರೆ ಉಳಿಯ ಅಲಗು ಎಳೆಗಳನ್ನು ಕತ್ತರಿಸುತ್ತದೆ, ಆಮೇಲೆ ಎಳೆತ ಬಿದ್ದಲ್ಲಿ ಬಟ್ಟೆ ತೂತಿನಿಂದ ತೂತಿಗೆ ಸೀಳುತ್ತದೆ. ಅದರ ಬದಲು ಬಟ್ಟೆಯ ಅಂಚನ್ನು 6 ಮಿ.ಮೀ. ಒಳಕ್ಕೆ ಮಡಿಸಿ, ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಸೊಲ್ಯೂಷನ್‌ನಿಂದ ಚರ್ಮಕ್ಕೆ ಅಂಟಿಸಿ, ಮೊಂಡು ಸೂಜಿಯಿಂದಲೇ ಎಳೆಗಳನ್ನು ಪಕ್ಕಕ್ಕೆ ಸರಿಸಿ ದಾರ ಹಾಯಿಸಿದೆ. ಬಾಯಿಯ ಮೂಲೆಗಳಲ್ಲಿ, ಎಳೆತ ಹೆಚ್ಚು ಬೀಳುವಲ್ಲಿ, ದಾರವನ್ನು ಅಂಚಿನ ಮೇಲಿನಿಂದ ಎರಡು ಸುತ್ತು ತಂದದ್ದು ಕಣ್ಣಿಗೆ ಅಷ್ಟು ಚಂದವಲ್ಲದಿದ್ದರೂ ಬಾಳಿಕೆಗೆ ಬೇಕು.

ಬೇಡವೆಂದು ಬಿಟ್ಟವುಗಳೂ ಕೆಲವಿವೆ. ಎಲಾಸ್ಟಿಕ್ ನಮ್ಮ ಸೆಕೆ, ಬೆವರು, ತಲೆಗೆ ಹಚ್ಚಿದ ಎಣ್ಣೆಯ ಕೈಗಳಿಗೆ ಬೇಗ ಸೋಲುತ್ತದೆ, ಸೋಲುವವರೆಗೂ ನೋಟುಗಳನ್ನು ಹಿಂಡುತ್ತಿರುತ್ತದೆ. ನಾಣ್ಯದ ಜೇಬು ಇಟ್ಟಿಲ್ಲ: ಹತ್ತರ ನಾಣ್ಯದ ವ್ಯಾಸವೇ 27 ಮಿ.ಮೀ., ನಾಲ್ಕು ಸೇರಿದರೆ ತೆಳುತನ ಅಲ್ಲಿಗೆ ಮುಗಿಯಿತು. ನಾಣ್ಯ ಅಂಗಿಯ ಜೇಬಿನಲ್ಲಿ ಇರಲಿ. ತಟ್ಟಿ ಪಾವತಿಸುವ ಕಾರ್ಡನ್ನು ಯಾರೋ ದೂರದಿಂದ ಓದಿಬಿಡುತ್ತಾರೆಂದು ಲೋಹದ ಹಾಳೆ ಹಾಕಿಸುವವರಿದ್ದಾರೆ. ಆ ಕಾರ್ಡುಗಳು ಕೆಲಸ ಮಾಡುವುದು ಕೆಲವೇ ಸೆಂಟಿಮೀಟರು ದೂರದಲ್ಲಿ, ಪಿನ್ ಇಲ್ಲದ ಪಾವತಿಗೆ 2021ರ ಜನವರಿಯಿಂದ 5,000 ರೂಪಾಯಿಯ ಮಿತಿಯೂ ಇದೆ. ಬಾಗಿ ಬಾಗಿ ಒಡೆಯುವ ಹಾಳೆಯೊಂದನ್ನು ಸೇರಿಸುವಷ್ಟು ಭಯ ನನಗಿಲ್ಲ.

ಐದು ಕಾರ್ಡು ಮಾತ್ರ ಇದ್ದಾಗ ದಪ್ಪ ಆರು ಮಿ.ಮೀ. ಮೇಲೆ ಒಂದಿಷ್ಟು, ಸಂಜೆಯ ಚಿಲ್ಲರೆ ಸೇರಿದಾಗ ಹನ್ನೆರಡರ ಆಸುಪಾಸು. ಪ್ಯಾಂಟಿನ ಮುಂದಿನ ಜೇಬಿನಲ್ಲೂ, ಮುಂಡು ಉಟ್ಟ ದಿನ ಅಂಗಿಯ ಜೇಬಿನಲ್ಲೂ ಕೂರುತ್ತದೆ. ದೇವಸ್ಥಾನಕ್ಕೆ ಚರ್ಮ ಒಯ್ಯಲು ಮನಸ್ಸಿಲ್ಲದ ಉಡುಪಿಯ ಸ್ನೇಹಿತರೊಬ್ಬರಿಗೆ ಇದೇ ನಕ್ಷೆಯಲ್ಲಿ ಮೇಣ ಹಾಕಿದ ಕ್ಯಾನ್ವಾಸಿನದನ್ನು ಮಾಡಿಕೊಟ್ಟೆ. ಕ್ಯಾನ್ವಾಸ್ ಚರ್ಮದಷ್ಟು ಹಿಗ್ಗದ ಕಾರಣ ಅದನ್ನು 97ಕ್ಕೆ ಕತ್ತರಿಸಿ, ಅಂಚುಗಳಿಗೆ ಪಟ್ಟಿ ಕಟ್ಟಬೇಕಾಯಿತು.

ಸವೆಯುವುದಾದರೆ ಮೊದಲು ಸವೆಯುವುದು ಕೊಡೆ ಬಟ್ಟೆಯೇ, ಅದರಲ್ಲೂ ನಡುಮಡಿಕೆಯ ಮೇಲ್ತುದಿ. ಆಗ ಪಕ್ಕದ ಹೊಲಿಗೆಗಳನ್ನು ಬಿಚ್ಚಿ, ಹಳೆಯ ಪಟ್ಟಿಯನ್ನೇ ಅಳತೆಗಿಟ್ಟು ಹೊಸದನ್ನು ಕತ್ತರಿಸಿದರೆ ಸಾಕು. ಚರ್ಮದಲ್ಲಿ ತೂತುಗಳು ಇದ್ದಲ್ಲೇ ಇರುವುದರಿಂದ ಉಳಿ ಬೇಕಾಗುವುದಿಲ್ಲ, ಸೂಜಿ ಹಿಡಿಯಬಲ್ಲ ಯಾರಾದರೂ ಅದೇ ತೂತುಗಳಲ್ಲಿ ಹೊಲಿದುಕೊಳ್ಳಬಹುದು.