ಊರಿನಿಂದ ಬಂದ ಸೂಟ್‌ಕೇಸ್ ಮಂಚದ ಕೆಳಗೆ ಬೇಡ

ರಜೆ ಮುಗಿಸಿ ಮುಂಬಯಿಗೆ ಮರಳುವ ಬಂಧುಗಳೇ, ಸ್ಲೀಪರ್ ಬಸ್ಸಿನಲ್ಲೋ ವಸತಿಗೃಹದಲ್ಲೋ ತಿಗಣೆ ಕಂಡಿದ್ದರೆ ಸೂಟ್‌ಕೇಸನ್ನು ಬಚ್ಚಲಿನಲ್ಲೇ ತೆರೆಯಿರಿ. ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನೇರವಾಗಿ ವಾಷಿಂಗ್ ಮಷೀನಿಗೆ ಒಯ್ಯಿರಿ. 60 ಡಿಗ್ರಿ ಬಿಸಿನೀರಿನಲ್ಲಿ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ತಣ್ಣೀರಿನ ಒಗೆತವನ್ನು ನಂಬಬೇಡಿ. ರೇಷ್ಮೆ ಸೀರೆಯಂಥವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 4 ದಿನ ಇಡಬಹುದು.

ಸೂಟ್‌ಕೇಸಿನ ಹೊಲಿಗೆ, ಜಿಪ್, ಚಕ್ರದ ಸಂದುಗಳನ್ನು ಟಾರ್ಚ್ ಹಿಡಿದು ನೋಡಿ. ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯ ಹಿಕ್ಕೆ. ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದು, ಕಸವನ್ನು ಕೂಡಲೇ ಕಟ್ಟಿ ಹೊರಗೆ ಹಾಕಿ. ತಿಗಣೆ ಸಾಯಲು ಮಳೆಗಾಲದ ಇಲ್ಲಿನ ಬಿಸಿಲು ಸಾಲದು. ಸೂಟ್‌ಕೇಸ್ ಮುಚ್ಚಿಟ್ಟರೆ ಸಾಯುತ್ತವೆ ಎನ್ನುವುದೂ ಸುಳ್ಳು, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಚಾಳಿನಲ್ಲಿ, ಅಂದರೆ ಒತ್ತೊತ್ತಾದ ಸಾಲು ಕೋಣೆಗಳ ವಠಾರದಲ್ಲಿ ಇರುವವರು ದಯವಿಟ್ಟು ಸಂಕೋಚಪಡದೆ ಪಕ್ಕದ ಮನೆಯವರಿಗೂ ತಿಳಿಸಿ. ಗೋಡೆಯ ಬಿರುಕಿನಿಂದ ತಿಗಣೆ ಆಚೆ ದಾಟುತ್ತದೆ.