ಹತ್ತು ಅಡಿಕೆ, ಎರಡು ಬಟ್ಟಲು

ನಮ್ಮ ಮನೆ ಶಿರಸಿಯಿಂದ ಒಳಗೆ, ಡಾಂಬರು ಮುಗಿದು ಮಣ್ಣು ರಸ್ತೆಯಲ್ಲಿ ಇನ್ನಷ್ಟು ದೂರ ಬರಬೇಕು. ಇದೇ ಮನೆಯಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿದ್ದೇನೆ, ತಂಗಿಯ ಮಗಳದ್ದೂ ಮಾಡಿದ್ದೇನೆ. ಒಂಬತ್ತು ತಿಂಗಳಲ್ಲಿ ಬಿದ್ದ ಬಸುರಿ ಹುಡುಗಿಯರು ಈಗಲೂ ನನ್ನ ಹತ್ತಿರ ಬಂದು ಕೂತು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ.

ಡಾಕ್ಟರು ಕೊಟ್ಟ ತಾರೀಕನ್ನು ಮುಹೂರ್ತದ ಹಾಗೆ ನೋಡಬೇಡಿ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಲೆಕ್ಕ ಅದು. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ನೋವು ಬರಬಹುದು, ತಾರೀಕು ದಾಟಿಯೂ ಬರಬಹುದು. ದಾಟಿದರೆ ಮನೆಯಲ್ಲಿ ಕಾಯುತ್ತ ಕೂರದೆ ಆಸ್ಪತ್ರೆಗೆ ತೋರಿಸುತ್ತಿರಬೇಕು. ನೋವು ಬರಲಿ ಅಂತ ಹರಳೆಣ್ಣೆ ಕುಡಿಸುವವರು ಇನ್ನೂ ಇದ್ದಾರೆ, ದಯಮಾಡಿ ಬೇಡ. ವಾಂತಿ ಭೇದಿಯಾಗಿ ಸುಸ್ತಾದ ಹುಡುಗಿ ಹೆರಿಗೆಗೆ ಶಕ್ತಿ ಎಲ್ಲಿಂದ ತರಬೇಕು?

ಚೊಚ್ಚಿಲಾದರೆ ಹೆರಿಗೆಗೆ ಎರಡು ಮೂರು ವಾರ ಮೊದಲೇ ಹೊಟ್ಟೆ ಜಾರಬಹುದು. ಉಸಿರು ಸಲೀಸಾಗುತ್ತದೆ, ಊಟ ಸೇರುತ್ತದೆ, ಆದರೆ ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳಬೇಕು. ಹಾಗಂತ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ. ಒಂದೇ ಸಲಕ್ಕೆ ಹೊಟ್ಟೆತುಂಬ ಉಣ್ಣುವ ಬದಲು ಗಂಜಿ, ಒಂದೆಲಗದ ತಂಬುಳಿ, ಬೇಯಿಸಿದ ತರಕಾರಿ ಹೀಗೆ ಸ್ವಲ್ಪ ಸ್ವಲ್ಪ ಉಂಡರೆ ಎದೆಯುರಿ ಕಡಿಮೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬೇಡಿ, ಮೈಗೆ ಹಿಡಿಯುವುದಿಲ್ಲ. ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ.

ಇನ್ನು ಕೂಸಿನ ಮಿಸುಕಾಟ. ಇದನ್ನು ನಿಧಾನವಾಗಿ ಓದಿ. 'ಒಂಬತ್ತರಲ್ಲಿ ಕೂಸು ಸುಮ್ಮನೆ ಮಲಗ್ತದೆ, ಒದೆಯೂದು ಕಡಿಮೆ ಆಗ್ತದೆ' ಅಂತ ನಮ್ಮ ಅತ್ತೆಯ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅದು ತಪ್ಪು. ಜಾಗ ಸಾಲದೆ ಒದೆತ ಹೋಗಿ ಹೊರಳಾಟ ಆಗಬಹುದು, ಆದರೆ ಎಣಿಕೆ ಕಡಿಮೆ ಆಗಬಾರದು. ನಾನು ಮಾಡಿಸುವುದು ಹೀಗೆ: ಮಧ್ಯಾಹ್ನ ಊಟವಾದ ಮೇಲೆ ಹುಡುಗಿ ಎಡಮಗ್ಗುಲಿಗೆ ಮಲಗಬೇಕು. ತಲೆದಿಂಬಿನ ಹತ್ತಿರ ಎರಡು ಬಟ್ಟಲು, ಒಂದರಲ್ಲಿ ಹತ್ತು ಒಣ ಅಡಿಕೆ. ಕೂಸು ಒಂದು ಸಲ ಮಿಸುಕಿದರೆ ಒಂದು ಅಡಿಕೆ ಆಚೆ ಬಟ್ಟಲಿಗೆ. ಎರಡು ತಾಸಿನೊಳಗೆ ಹತ್ತೂ ದಾಟಬೇಕು. ಹೆಚ್ಚಿನ ದಿನ ಅರ್ಧ ತಾಸಿನಲ್ಲೇ ದಾಟುತ್ತವೆ.

ನನ್ನ ಸಣ್ಣ ಮಗಳಿಗೆ ಒಂದು ದಿನ ಎರಡು ತಾಸಾದರೂ ನಾಲ್ಕೇ ಅಡಿಕೆ ದಾಟಿದ್ದವು. 'ಆಯಿ, ಬೆಳಿಗ್ಗೆ ನೋಡುವಾ' ಅಂದಳು. ನಾನು ಬಟ್ಟಲನ್ನು ಅಲ್ಲೇ ಬಿಟ್ಟು ಜೀಪು ಹೊರಡಿಸಿದೆ. ಹೊಟ್ಟೆಯಲ್ಲಿ ಕೂಸಿನ ಸುತ್ತಲಿನ ನೀರು ಕಡಿಮೆಯಾಗಿತ್ತು, ಆವತ್ತೇ ರಾತ್ರಿ ಆಪರೇಷನ್ ಆಯಿತು. ಆ ಕೂಸು ಈಗ ಶಾಲೆಗೆ ಹೋಗುತ್ತಾಳೆ. ಎಣಿಕೆ ತುಂಬದಿದ್ದರೆ, ಅಥವಾ ದಿನದ ಹಾಗೆ ಕೂಸು ಆಡುತ್ತಿಲ್ಲ ಅಂತ ನಿಮ್ಮ ಮನಸ್ಸಿಗೆ ಬಂದರೂ ಸಾಕು, ರಾತ್ರಿ ಎಷ್ಟೇ ಹೊತ್ತಾಗಿರಲಿ, ಹೊರಡಿ.

ಹುಸಿ ನೋವು ಬಂದು ಬಂದು ಹೋಗುತ್ತದೆ. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ, ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಅಥವಾ ಮಗ್ಗುಲು ಬದಲಿಸಿದರೆ ಇಳಿಯುತ್ತದೆ. ನಿಜವಾದ ನೋವು ಯಾವುದಕ್ಕೂ ಜಗ್ಗುವುದಿಲ್ಲ. ಸೊಂಟದಿಂದ ಮುಂದಕ್ಕೆ ಬರುತ್ತದೆ, ಬಿಡುವು ಕಡಿಮೆಯಾಗುತ್ತ, ಬಿಗಿ ಹೆಚ್ಚಾಗುತ್ತ ಹೋಗುತ್ತದೆ. ಪೇಟೆಯವರಿಗೆ ಐದು ನಿಮಿಷಕ್ಕೊಂದು ಬಂದಾಗ ಹೊರಡಿ ಅನ್ನುತ್ತಾರೆ. ನಮ್ಮ ಹಳ್ಳಿಗಳಿಗೆ ಆ ಲೆಕ್ಕ ನಡೆಯುವುದಿಲ್ಲ, ಹತ್ತು ನಿಮಿಷಕ್ಕೊಂದು ಅಂತ ಗೊತ್ತಾಗುತ್ತಲೇ ಹೊರಟುಬಿಡಿ. ರಕ್ತದ ಎಳೆ ಬೆರೆತ ಲೋಳೆ ಹೋದರೆ ಗಾಬರಿ ಬೇಡ, ದಿನ ಹತ್ತಿರ ಬಂತು ಅಂತ ಅಷ್ಟೇ. ಕೂಸಿನ ಸುತ್ತಲಿನ ನೀರು ಹೋದರೆ ಮಾತ್ರ ನೋವಿಲ್ಲದಿದ್ದರೂ ಹೋಗಲೇಬೇಕು. ಬಿಳೀ ಬಟ್ಟೆ ಇಟ್ಟು ಬಣ್ಣ ನೋಡಿಕೊಳ್ಳಿ. ಹಸಿರೋ ಕಂದೋ ಇದ್ದರೆ ಒಂದು ನಿಮಿಷವೂ ತಡ ಮಾಡಬಾರದು. ಮುಟ್ಟಿನ ಹಾಗೆ ರಕ್ತ ಹೋದರೂ ಹಾಗೆಯೇ.

ಕಾಲು ಬಾತುಕೊಳ್ಳುವುದು ಬಹಳ ಜನಕ್ಕೆ ಇದ್ದದ್ದೇ. ಮುಖ, ಕೈ ಬಾತು, ತಲೆ ಸಿಡಿದು, ಕಣ್ಣು ಮಂಜಾಗಿ, ಎದೆಗೂಡಿನ ಕೆಳಗೆ ನೋವು ಬಂದರೆ ಅದು ಬೀಪಿ ಏರಿದ ಗುರುತಾಗಿರಬಹುದು. ಇವುಗಳಲ್ಲಿ ಒಂದೇ ಕಂಡರೂ ಶುಂಠಿ ಕಷಾಯ ಕಾಯಿಸುತ್ತ ಕೂರಬೇಡಿ. ಅಂಗೈ ಅಂಗಾಲು ವಿಪರೀತ ತುರಿಸಿದರೂ ಡಾಕ್ಟರಿಗೆ ಹೇಳಿ.

ಕೂಸು ಹುಟ್ಟುವ ಮೊದಲು ಬಟ್ಟೆ ಹೊಂದಿಸಬಾರದು ಅನ್ನುವವರು ನಮ್ಮಲ್ಲೂ ಇದ್ದಾರೆ. ಹೊಸದು ತರಬೇಡಿ, ಆಯಿತು. ಅಜ್ಜಿಯ ಹಳೆ ಹತ್ತಿ ಸೀರೆ ಹರಿದು, ಕುದಿವ ನೀರಿನಲ್ಲಿ ತೊಳೆದು ಮಡಚಿಡಲು ಯಾವ ಅಡ್ಡಿಯೂ ಇಲ್ಲ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಒಣಗಿಸಿದರೆ ಹೊಗೆವಾಸನೆ ಹಿಡಿಯುತ್ತದೆ, ಬಿಸಿಲು ಕಂಡ ದಿನವೇ ಒಣಗಿಸಿ ಇಸ್ತ್ರಿ ಹಾಕಿಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ಕಾಗದ, ಆಧಾರ್, ಪಾಸ್‌ಬುಕ್ಕು ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ.

ದಿನ ತುಂಬುವುದು ಆಷಾಢ ಶ್ರಾವಣದಲ್ಲಾದರೆ ನನ್ನ ಮಾತು ಕೇಳಿ, 38ನೇ ವಾರಕ್ಕೇ ಪೇಟೆಯಲ್ಲಿ ನೆಂಟರ ಮನೆಗೆ ಬಂದುಬಿಡಿ. ಮರ ಬಿದ್ದರೆ ರಸ್ತೆ ಬಂದ್, ಕರೆಂಟು ಹೋದರೆ ನೆಟ್ವರ್ಕೂ ಇಲ್ಲ, ಆಮೇಲೆ 108ಕ್ಕೆ ಫೋನ್ ಮಾಡುವುದು ಹೇಗೆ? ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತೇವೆ ಅನ್ನುವವರು ಗುಡ್ಡ ಕುಸಿದಿದೆಯೋ ಅಂತ ಮೊದಲೇ ವಿಚಾರಿಸಿಕೊಳ್ಳಿ. ಬರಲು ಆಗುವುದೇ ಇಲ್ಲ ಅಂತಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿಡಿ, ಜೀಪಿರುವ ಎರಡು ಮನೆಗೆ ಹೇಳಿಡಿ. ಜೀಪಿನ ಹಿಂದಿನ ಸೀಟಿಗೆ ರಬ್ಬರ್ ಶೀಟು ಹಾಸಿ, ದಾರಿಗೆ ಬಿದ್ದ ಕೊಂಬೆ ಕಡಿದು ಎಳೆಯಲು ಸೀಟಿನಡಿಗೆ ಒಂದು ಕತ್ತಿ, ಹಗ್ಗ, ಜೊತೆಗೆ ಬ್ಯಾಟರಿ ಇಡಿ.